ಮರದ ಬುಡಕ್ಕೆ ಸೆನ್ಸರ್ ಹೂಳುವ ಮುನ್ನ: ಹಸಿರು ನಗರಕ್ಕೆ ಯಾವ ತಂತ್ರಜ್ಞಾನ ಒಗ್ಗುತ್ತದೆ?

ಉದ್ಯಾನವೊಂದರ ನಿರ್ವಹಣಾ ಕೊಠಡಿಯಲ್ಲಿ ಕುಳಿತು ಒಮ್ಮೆ ಗೋಡೆಯ ಮೇಲಿನ ಪರದೆಯನ್ನು ನೋಡುತ್ತಿದ್ದೆ. ನಕ್ಷೆಯ ತುಂಬ ಹಸಿರು ಚುಕ್ಕಿಗಳು, ಚುಕ್ಕಿಗೊಂದು ಎಳೆಯ ಮರ. ಅವುಗಳಲ್ಲೊಂದರ ಪಕ್ಕ ‘ತೇವ ಶೇ 27, ಸಾಕಷ್ಟಿದೆ’ ಎಂದು ಬರೆದಿತ್ತು. ಹೊರಗೆ ಹೋಗಿ ಅದೇ ಮರದ ಮುಂದೆ ನಿಂತರೆ ಎಲೆಗಳು ಮುದುರಿ ಜೋತುಬಿದ್ದಿದ್ದವು. ಮಾಲಿ ಪಾತಿಯನ್ನು ಗೇಣುದ್ದ ಕೆದಕಿ, ಹೆಂಟೆಯೊಂದನ್ನು ಎತ್ತಿ ನನ್ನ ಅಂಗೈಗೆ ಇಟ್ಟರು. ಕಪ್ಪು ಜೇಡಿಮಣ್ಣು. ಮುಟ್ಟಿದರೆ ತಣ್ಣಗಿತ್ತು, ಹಿಚುಕಿದರೆ ಪುಡಿಯಾಗಲಿಲ್ಲ. “ನೀರೇನೋ ಇದೆ ಸಾರ್, ಮಣ್ಣು ಬಿಟ್ಟುಕೊಡುತ್ತಿಲ್ಲ” ಎಂದರು.

ಸೆನ್ಸರ್ ಕೆಟ್ಟಿರಲಿಲ್ಲ. ಮಣ್ಣಿನಲ್ಲಿ ಎಷ್ಟು ನೀರಿದೆ ಎಂಬುದನ್ನು ಅದು ಸರಿಯಾಗಿಯೇ ಅಳೆದಿತ್ತು. ಆ ನೀರನ್ನು ಬೇರು ಎಳೆದುಕೊಳ್ಳಬಲ್ಲದೇ ಎಂಬುದನ್ನು ಅಳೆಯುವ ಸಾಧನ ಬೇರೆಯೇ ಇದೆ; ಅದನ್ನು ಕೊಳ್ಳುವಾಗ ಯಾರೂ ಕೇಳಿರಲಿಲ್ಲ.

ನಗರದ ಮರ, ಹುಲ್ಲುಹಾಸು, ಕೆರೆಯಂಚಿನ ಜೌಗು, ಮಳೆನೀರು ಇಂಗಿಸುವ ತೋಟ, ಹಸಿರು ಚಾವಣಿ ಇವೆಲ್ಲ ಕೆಲಸ ಮಾಡುವ ಆಸ್ತಿಗಳು. ನೆರಳು ಕೊಡುತ್ತವೆ, ನೆರೆ ತಡೆಯುತ್ತವೆ, ನೀರು ಸೋಸುತ್ತವೆ, ಹಕ್ಕಿಗಳಿಗೆ ಮನೆಯಾಗುತ್ತವೆ. ಪ್ರಕೃತಿ ಆಧಾರಿತ ಪರಿಹಾರ ಎಂದರೆ ಏನು ಎಂಬುದಕ್ಕೆ 2022ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ಒಂದು ವ್ಯಾಖ್ಯೆಯನ್ನೇ ಒಪ್ಪಿಕೊಂಡಿತು. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಇವುಗಳನ್ನು ‘ಸ್ಮಾರ್ಟ್’ ಮಾಡುವ ಪೆಟ್ಟಿಗೆಗಳೂ ತುಂಬಿದ್ದವು. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಬೇಕಾದ ಪಾಲಿಕೆಯ ಎಂಜಿನಿಯರ್, ಬಡಾವಣೆಯ ಸಂಘ, ಕ್ಯಾಂಪಸ್ ವ್ಯವಸ್ಥಾಪಕ ಇವರಿಗಾಗಿ ಈ ಹೋಲಿಕೆ. ನನ್ನ ಜರಡಿ ಒಂದೇ: ಈ ಅಂಕಿ ಬದಲಾದರೆ ನಾಳೆ ಬೆಳಿಗ್ಗೆ ಯಾರು, ಯಾವ ಕೆಲಸವನ್ನು ಬೇರೆ ಥರ ಮಾಡುತ್ತಾರೆ? ಉತ್ತರದಲ್ಲಿ ಒಬ್ಬ ಮನುಷ್ಯ ಮತ್ತು ಒಂದು ಕೆಲಸ ಕಾಣದಿದ್ದರೆ ಆ ಸೆನ್ಸರ್ ಬೇಡ.

ಮಣ್ಣಿನ ತೇವ: ಪ್ರಮಾಣವೋ, ಬಿಗಿತವೋ

ಅತಿ ಹೆಚ್ಚು ಮಾರಾಟವಾಗುವುದು, ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವುದು ಇದೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಕೆಪಾಸಿಟಿವ್ ಸೆನ್ಸರ್ ಮಣ್ಣಿನ ವಿದ್ಯುತ್ ಗುಣವನ್ನು ನೋಡಿ ನೀರಿನ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬುದನ್ನು ಹೇಳುವ ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ ಸುಮಾರು 80, ಒಣ ಮಣ್ಣಿನದು 3ರಿಂದ 5. ಅಂತರ ಇಷ್ಟು ದೊಡ್ಡದಾದ್ದರಿಂದ ಅಳತೆ ಸುಲಭ, ಸೆನ್ಸರ್ ಅಗ್ಗ, ಪ್ರತಿಕ್ರಿಯೆಯೂ ಬೇಗ. ತೊಡಕು ಇರುವುದು ಅರ್ಥೈಸುವಲ್ಲಿ. ಶೇ 27 ಎಂಬ ಅಂಕಿ ಮರಳುಮಣ್ಣಿನಲ್ಲಿ ನೀರು ಸೋರಿಹೋಗುವಷ್ಟು ಹಸಿ; ಗಟ್ಟಿ ಜೇಡಿಯಲ್ಲಿ ಗಿಡ ಬಾಡುವಷ್ಟು ಒಣ. ಇನ್ನೊಂದು ದೋಷವೂ ಇದೆ: ಮಣ್ಣಿನಲ್ಲಿ ಲವಣ ಹೆಚ್ಚಿದ್ದರೆ ಅಂಕಿ ಮೇಲಕ್ಕೆ ಜಾರುತ್ತದೆ. ಸಂಸ್ಕರಿಸಿದ ಕೊಳಚೆ ನೀರನ್ನು ಹಾಯಿಸುವ ಉದ್ಯಾನಗಳಲ್ಲಿ ವರ್ಷ ಕಳೆದಂತೆ ‘ತೇವ’ ಏರುತ್ತಿದ್ದರೆ ಏರುತ್ತಿರುವುದು ಉಪ್ಪೇ ಇರಬಹುದು.

ಟೆನ್ಸಿಯೊಮೀಟರ್ ಅಳೆಯುವುದು ಬಿಗಿತವನ್ನು, ಅಂದರೆ ಮಣ್ಣು ನೀರನ್ನು ಎಷ್ಟು ಗಟ್ಟಿಯಾಗಿ ಹಿಡಿದಿಟ್ಟುಕೊಂಡಿದೆ ಎಂಬುದನ್ನು. ನೀರು ತುಂಬಿದ ಕೊಳವೆ, ತುದಿಯಲ್ಲಿ ಸಣ್ಣ ರಂಧ್ರಗಳಿರುವ ಪಿಂಗಾಣಿ ಬಟ್ಟಲು. ಮಣ್ಣು ಒಣಗಿದಷ್ಟೂ ಒಳಗಿನ ನೀರನ್ನು ಹೀರುತ್ತದೆ, ಆ ಎಳೆತ ಕಿಲೊಪಾಸ್ಕಲ್‌ನಲ್ಲಿ ಕಾಣುತ್ತದೆ. ಬೇರು ಎದುರಿಸುವುದು ಇದನ್ನೇ. ಆದ್ದರಿಂದ ಮಣ್ಣು ಯಾವುದೇ ಇರಲಿ, ಓದು ಅರ್ಥಪೂರ್ಣ. ಆದರೆ ಸುಮಾರು 80 ಕಿಲೊಪಾಸ್ಕಲ್ ದಾಟಿದರೆ ಒಳಗೆ ಗಾಳಿ ಸೇರಿ ಸಾಧನ ಕೈಕೊಡುತ್ತದೆ, ಮತ್ತೆ ನೀರು ತುಂಬಬೇಕು. ನಿತ್ಯ ಓಡಾಡುವ ಮಾಲಿ ಇರುವ ನರ್ಸರಿಗೆ ಇದು ಸರಿ, ರಸ್ತೆ ಬದಿಗೆ ಸಲ್ಲದು.

ಮೂರನೆಯದು ಜಿಪ್ಸಮ್ ಅಥವಾ ಹರಳುಕಣ ತುಂಬಿದ ಗುಳಿಗೆ ಸೆನ್ಸರ್. ಇದೂ ಬಿಗಿತವನ್ನೇ ಅಂದಾಜಿಸುತ್ತದೆ, ಸುಮಾರು 200 ಕಿಲೊಪಾಸ್ಕಲ್‌ವರೆಗೆ ಓದುತ್ತದೆ, ನೀರು ತುಂಬುವ ರಗಳೆಯಿಲ್ಲ. ನಿಧಾನ ಮತ್ತು ಒರಟು, ನಿಜ. ಉರುಟು ಮರಳಿನಲ್ಲಿ ಚೆನ್ನಾಗಿ ಕೆಲಸ ಮಾಡುವುದೂ ಇಲ್ಲ. ಆದರೂ ಬೀದಿಬದಿಯಲ್ಲಿ ನೆಟ್ಟ ಎಳೆಯ ಮರಗಳಿಗೆ ನನ್ನ ಆಯ್ಕೆ ಇದೇ. ಮರಕ್ಕೆ ನೀರು ಹಾಕಬೇಕೇ ಎಂದು ತಿಳಿಯಲು ನಿಮಿಷದ ವೇಗ ಬೇಡ, ದಿನದ ವೇಗ ಸಾಕು. ಹುಲ್ಲುಹಾಸು, ಹಸಿರು ಚಾವಣಿಗಳಲ್ಲಿ ಮಣ್ಣಿನ ಮಿಶ್ರಣ ಒಂದೇ ತೆರನಾಗಿರುತ್ತದೆ. ಅಲ್ಲಿ ಕೆಪಾಸಿಟಿವ್ ಸಾಕು.

ಯಾವುದನ್ನು ಕೊಂಡರೂ ಇಡುವ ಜಾಗವೇ ಅರ್ಧ ಫಲ. ನರ್ಸರಿಯಿಂದ ಬಂದ ಗಿಡದ ಬೇರುಗಡ್ಡೆ ಹಗುರ ಮಿಶ್ರಣದಲ್ಲಿ ಬೆಳೆದದ್ದು. ಸುತ್ತಲಿನ ಮಣ್ಣು ಒದ್ದೆಯಾಗಿದ್ದರೂ ಗಡ್ಡೆ ಎರಡೇ ದಿನದಲ್ಲಿ ಒಣಗಬಹುದು. ಸೆನ್ಸರನ್ನು ಅಗೆಯಲು ಸುಲಭವೆಂದು ಗುಂಡಿಯ ಅಂಚಿಗೆ ಹೂತರೆ ಅದು ಪಕ್ಕದ ಮಣ್ಣಿನ ಸುದ್ದಿ ಹೇಳುತ್ತಿರುತ್ತದೆ. ಮೊದಲ ಎರಡು ವರ್ಷ ಗಡ್ಡೆಯೊಳಗೇ ಒಂದು ಇರಲೇಬೇಕು, ಹೊರಗಿನದು ಎರಡನೆಯದಾಗಲಿ.

ಕಾರ್ಖಾನೆಯವರು ಕೊಟ್ಟ ‘ಒಣ, ಹದ, ಒದ್ದೆ’ ಗೆರೆಗಳನ್ನು ನಂಬಬೇಡಿ, ನಿಮ್ಮ ಗೆರೆಗಳನ್ನು ನೀವೇ ಎಳೆದುಕೊಳ್ಳಿ. ಪಾತಿಗೆ ನೀರು ತುಂಬಿಸಿ ಒಂದೆರಡು ದಿನ ಬಸಿಯಲು ಬಿಡಿ. ಆಗ ನಿಲ್ಲುವ ಅಂಕಿ ಆ ಮಣ್ಣಿನ ಹದದ ಮೇಲಂಚು. ನಂತರ ಮಳೆಯಿಲ್ಲದ ದಿನಗಳಲ್ಲಿ ರೇಖೆ ಹಗಲು ಇಳಿದು ರಾತ್ರಿ ನಿಂತು ಮೆಟ್ಟಿಲಿನಂತೆ ಸಾಗುವುದನ್ನು ಗಮನಿಸಿ. ಮೆಟ್ಟಿಲುಗಳು ಸಣ್ಣದಾಗುತ್ತ ಸಪಾಟಾಗತೊಡಗಿದರೆ ಬೇರು ಸೋಲುತ್ತಿದೆ ಎಂದರ್ಥ. ನೀರು ಹಾಕಬೇಕಾದದ್ದು ಅದಕ್ಕಿಂತ ಮುಂಚೆ.

ದೊಡ್ಡ ಮರಗಳಿಗೆ? ಬೇಡ. ಬೇರು ಕೊಂಬೆಗಳ ನೆರಳನ್ನೂ ದಾಟಿ ಹರಡಿರುವಾಗ ಒಂದು ಗುಂಡಿಯ ಅಂಕಿ ಇಡೀ ಮರದ ಪರವಾಗಿ ಮಾತನಾಡಲಾರದು.

ನೀರು ಬಿಡುವ ಕೈ: ಗಡಿಯಾರ, ಹವಾಮಾನ, ಮಣ್ಣು

ನೀರಾವರಿಯನ್ನು ಸ್ವಯಂಚಾಲಿತ ಮಾಡುವುದಾದರೆ ಮೂರು ದಾರಿಗಳಿವೆ. ಬರೀ ಟೈಮರ್: ಮಳೆ ಸುರಿಯುವಾಗಲೂ ಸ್ಪ್ರಿಂಕ್ಲರ್ ಕುಣಿಯುವ ದೃಶ್ಯ ಅದರದೇ ಕೊಡುಗೆ. ಆದರೂ ಮಳೆ ಬಂದರೆ ನಿಲ್ಲಿಸುವ ಸಣ್ಣ ಸ್ವಿಚ್ ಸೇರಿಸಿದರೆ ಚಿಕ್ಕ ತೋಟಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಇಂಟರ್‌ನೆಟ್ ಬೇಡ, ತಿಂಗಳ ಶುಲ್ಕ ಬೇಡ.

ಎರಡನೆಯದು ಹವಾಮಾನದ ಲೆಕ್ಕ. ಬಿಸಿಲು, ಉಷ್ಣತೆ, ಗಾಳಿ, ಆರ್ದ್ರತೆ ಸೇರಿ ನಿನ್ನೆ ಎಷ್ಟು ಮಿಲಿಮೀಟರ್ ನೀರು ಆವಿಯಾಯಿತು ಎಂದು ಕಂಡುಕೊಂಡು ಅಷ್ಟನ್ನು ಮರಳಿಸುವುದು. 1998ರಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ ತನ್ನ 56ನೇ ನೀರಾವರಿ ಪ್ರಬಂಧದಲ್ಲಿ ಕೊಟ್ಟ ಪೆನ್‌ಮನ್–ಮಾಂಟೀತ್ ಸೂತ್ರವೇ ಈಗಲೂ ಇದಕ್ಕೆ ಆಧಾರ. ಒಂದು ಹವಾಮಾನ ಕೇಂದ್ರದಿಂದ ಹತ್ತಾರು ಉದ್ಯಾನ ನಡೆಯುತ್ತವೆ, ನೆಲದಲ್ಲಿ ಕೆಡುವ ವಸ್ತು ಕಡಿಮೆ. ಆದರೆ ಬಯಲಿಗೆ ಮಾಡಿದ ಲೆಕ್ಕಕ್ಕೆ ಕಟ್ಟಡದ ನೆರಳು ಗೊತ್ತಿಲ್ಲ. ಮೂರನೆಯದು ಮಣ್ಣನ್ನೇ ಕೇಳಿ ಬಿಡುವುದು. ನಿಖರ, ಆದರೆ ಒಂದು ಸೆನ್ಸರ್ ಕೆಟ್ಟು ‘ಒಣ, ಒಣ’ ಎನ್ನತೊಡಗಿದರೆ ರಾತ್ರಿಯಿಡೀ ನೀರು ಹರಿಯುತ್ತದೆ.

ನನ್ನ ಮಟ್ಟಿಗೆ ಉತ್ತಮ ಜೋಡಿ ಎಂದರೆ ಲೆಕ್ಕ ಹವಾಮಾನದ್ದು, ತಡೆಯುವ ಹಕ್ಕು ಮಣ್ಣಿನದ್ದು. ಸೆನ್ಸರ್ ‘ಬೇಡ’ ಎನ್ನಬಹುದು, ‘ಇನ್ನಷ್ಟು ಬೇಕು’ ಎನ್ನುವಂತಿಲ್ಲ. ಆಗ ಅದು ಕೆಟ್ಟರೂ ಆಗುವ ಹಾನಿಗೆ ಒಂದು ಮಿತಿ ಇರುತ್ತದೆ. ಜೊತೆಗೆ ಮುಖ್ಯ ಪೈಪಿಗೆ ಒಂದು ಹರಿವಿನ ಮೀಟರ್ ಹಾಕಿ. ಒಡೆದ ಪೈಪನ್ನು ಮೊದಲ ರಾತ್ರಿಯೇ ಹಿಡಿದುಕೊಡುವ ಅದು ಹತ್ತು ತೇವದ ಸೆನ್ಸರ್‌ಗಳಿಗಿಂತ ಬೇಗ ತನ್ನ ಖರ್ಚನ್ನು ತಾನೇ ದುಡಿಯುತ್ತದೆ.

ಕೆರೆ, ಚಾವಣಿ ಮತ್ತು ತೂಬು

ಇದೇ ತರ್ಕ ನೀರು ಹಿಡಿಯುವ ಹೊಂಡಗಳಿಗೂ ಸಲ್ಲುತ್ತದೆ, ಇಲ್ಲಿ ಪಣ ಮಾತ್ರ ದೊಡ್ಡದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2018ರಿಂದ 2022ರವರೆಗೆ ನಡೆದ ರೆಸಿಲಿಯೊ ಯೋಜನೆ ಒಳ್ಳೆಯ ಉದಾಹರಣೆ. ಸುಮಾರು 10,000 ಚದರ ಮೀಟರ್ ಚಾವಣಿಯ ಮೇಲೆ ಗಿಡಗಳ ಮಣ್ಣಿನಡಿ ನೀರು ನಿಲ್ಲುವ ಪದರವೊಂದನ್ನು ಕೂರಿಸಿ, ಹೊರಹರಿವಿಗೆ ದೂರದಿಂದ ನಡೆಸುವ ಕವಾಟ ಇಟ್ಟರು. ಜೋರು ಮಳೆಯ ಮುನ್ಸೂಚನೆ ಬಂದರೆ ಕವಾಟ ಮೊದಲೇ ತೆರೆದು ಜಾಗ ಮಾಡಿಕೊಳ್ಳುತ್ತದೆ. ಒಣಹವೆಯಿದ್ದರೆ ಮುಚ್ಚಿಕೊಂಡು ಗಿಡಗಳಿಗೆ ನೀರುಳಿಸುತ್ತದೆ. ಸಾಮಾನ್ಯ ಹಸಿರು ಚಾವಣಿಗೆ ಈ ಎರಡನ್ನೂ ಒಟ್ಟಿಗೆ ಮಾಡಲಾಗದು. ಸಂಪರ್ಕ ತಂತ್ರಜ್ಞಾನ ನಿಜಕ್ಕೂ ಹೊಸದೊಂದನ್ನು ಕೊಟ್ಟಿರುವ ಕೆಲವೇ ಕಡೆಗಳಲ್ಲಿ ಇದೊಂದು.

ಆದರೆ ತೂಬನ್ನು ಯಂತ್ರಕ್ಕೆ ಒಪ್ಪಿಸಿದ ಮಾತ್ರಕ್ಕೆ ಕೋಡಿಯನ್ನು ಮುಚ್ಚುವಂತಿಲ್ಲ. ಕರೆಂಟು ಹೋದಾಗ, ಸಿಗ್ನಲ್ ಸತ್ತಾಗ, ಮುನ್ಸೂಚನೆ ಸುಳ್ಳಾದಾಗ ನೀರು ತಾನಾಗಿ ಹೊರಹೋಗುವ ದಾರಿ ಇರಲೇಬೇಕು. ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಸಂಪರ್ಕ ತಪ್ಪಿದರೆ ಕವಾಟ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ? ತಡವರಿಸಿದರೆ ಮುಂದಿನವರನ್ನು ಕರೆಯಿರಿ.

ಮಟ್ಟ ಅಳೆಯುವುದರಲ್ಲಿ ಅಲ್ಟ್ರಾಸಾನಿಕ್ ಅಗ್ಗ. ಆದರೆ ಶಬ್ದದ ವೇಗ ಉಷ್ಣತೆಯೊಂದಿಗೆ ಬದಲಾಗುತ್ತದೆ, ನೊರೆ ಬಂದರೆ, ಜೇಡ ಬಲೆ ಕಟ್ಟಿದರೆ ಓದು ಹುಚ್ಚುಹುಚ್ಚಾಗುತ್ತದೆ. ಒತ್ತಡದ ಸೆನ್ಸರ್ ನೀರಿನೊಳಗಿರುತ್ತದೆ, ಹೂಳಿನಲ್ಲಿ ಹೂತುಹೋಗುತ್ತದೆ. ರೇಡಾರ್ ದುಬಾರಿ, ಆದರೆ ಇವೆರಡರ ಕಾಟವೂ ಕಡಿಮೆ. ಹೂಳು ಬರುವ ಕೆರೆಗೆ ರೇಡಾರ್ ಎಂದೇ ಹೇಳುತ್ತೇನೆ. ನೀರಿನ ಗುಣಮಟ್ಟದಲ್ಲಿ ಒಂದೇ ಒಂದನ್ನು ಅಳೆಯುವ ಶಕ್ತಿ ಇದೆಯೆಂದರೆ ಕರಗಿದ ಆಮ್ಲಜನಕವನ್ನು ಆರಿಸಿ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಅದು ತಳ ಮುಟ್ಟುವುದು ನಸುಕಿನಲ್ಲಿ, ಮೀನು ಸಾಯುವುದೂ ಆಗಲೇ. ಕಚೇರಿಯ ಹೊತ್ತಿನಲ್ಲಿ ಬಾಟಲಿ ಹಿಡಿದು ಹೋದವರಿಗೆ ಇದು ಎಂದೂ ಸಿಗುವುದಿಲ್ಲ. ಸೆನ್ಸರಿನ ಮುಖಕ್ಕೆ ಲೋಳೆ ಕಟ್ಟುತ್ತದೆ, ಒರೆಸಲು ಆಗಾಗ ಒಬ್ಬರು ನೀರಿಗಿಳಿಯಬೇಕು. ಇಳಿಯುವವರಿಲ್ಲದಿದ್ದರೆ ಕೊಳ್ಳಬೇಡಿ.

ಸುದ್ದಿ ಸಾಗಿಸುವ ದಾರಿ

ತಂತ್ರಜ್ಞರು ಚರ್ಚೆ ಶುರುಮಾಡುವುದು ಇಲ್ಲಿಂದ. ನಾನು ಇದನ್ನು ನಾಲ್ಕನೆಯದಾಗಿ ಇಟ್ಟಿದ್ದೇನೆ, ಏಕೆಂದರೆ ಮರ ದಿನಕ್ಕೆ ಹೇಳುವ ಮಾತು ತೀರಾ ಕಡಿಮೆ.

ಸಣ್ಣ ಸಂದೇಶಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ದೂರ ಸಾಗಿಸುವ ರೇಡಿಯೊ ಜಾಲ ಲೋರಾವಾನ್. ಅದು ಪರವಾನಗಿ ಬೇಡದ ತರಂಗಾಂತರಗಳಲ್ಲಿ ನಡೆಯುತ್ತದೆ: ಯುರೋಪಿನಲ್ಲಿ 868 ಮೆಗಾಹರ್ಟ್ಸ್, ಉತ್ತರ ಅಮೆರಿಕದಲ್ಲಿ 915, ಭಾರತದಲ್ಲಿ 865ರಿಂದ 867. ಸೆನ್ಸರ್‌ಗಳ ಸಂದೇಶ ಹಿಡಿದು ಇಂಟರ್‌ನೆಟ್‌ಗೆ ದಾಟಿಸುವ ಪೆಟ್ಟಿಗೆ, ಅಂದರೆ ಗೇಟ್‌ವೇ, ನಿಮ್ಮದೇ ಆಗಬಹುದು. ಎತ್ತರದ ಕಟ್ಟಡದ ಮೇಲೆ ಒಂದನ್ನು ಕೂರಿಸಿದರೆ ನಗರದೊಳಗೂ ಕೆಲವು ಕಿಲೊಮೀಟರ್ ಹಿಡಿಯುತ್ತದೆ. ಪ್ರತಿ ಸೆನ್ಸರ್‌ಗೂ ಸಿಮ್ ಬೇಡ, ಮಾಸಿಕ ಬಿಲ್ ಬೇಡ. ಬದಲಿಗೆ ಗೇಟ್‌ವೇ ಕೆಟ್ಟರೆ ಏಣಿ ಹತ್ತಬೇಕಾದವರು ನೀವೇ. ಎನ್‌ಬಿ-ಐಒಟಿ 2016ರಲ್ಲಿ ಮಾನಕವಾಗಿ ಬಂದದ್ದು, ಮೊಬೈಲ್ ಕಂಪನಿಗಳ ಪರವಾನಗಿ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ. ನೆಲದಡಿಯ ಗುಂಡಿಗಳಿಂದಲೂ ಸಿಗ್ನಲ್ ತರುವ ಶಕ್ತಿ ಅದಕ್ಕಿದೆ, ಟವರ್ ನೋಡಿಕೊಳ್ಳುವ ಚಿಂತೆ ಕಂಪನಿಯದು. ಸಿಗ್ನಲ್ ದುರ್ಬಲವಿದ್ದ ಕಡೆ ಮಾತ್ರ ಅದು ಒಂದೇ ಮಾತನ್ನು ಮತ್ತೆ ಮತ್ತೆ ಕೂಗಬೇಕಾಗುತ್ತದೆ, ಬ್ಯಾಟರಿ ಕರಗುತ್ತದೆ. ಹತ್ತು ವರ್ಷ ಬಾಳುತ್ತದೆ ಎಂಬ ಮಾತು ಒಳ್ಳೆಯ ಸಿಗ್ನಲ್ಲಿಗೆ ಹೇಳಿದ್ದು.

ಐವತ್ತಕ್ಕಿಂತ ಹೆಚ್ಚು ಸೆನ್ಸರ್ ಒಂದೇ ಉದ್ಯಾನದಲ್ಲೋ ಕ್ಯಾಂಪಸ್ಸಿನಲ್ಲೋ ಇದ್ದರೆ ಲೋರಾವಾನ್. ನಗರದ ಮೂಲೆಮೂಲೆಗೆ ಒಂದೊಂದು ಚದುರಿದ್ದರೆ ಎನ್‌ಬಿ-ಐಒಟಿ. ಚಿತ್ರ ಕಳಿಸಬೇಕಿದ್ದರೆ ಇವೆರಡೂ ಅಲ್ಲ, 4ಜಿ. ವೈ-ಫೈ ಕಟ್ಟಡದ ಗೋಡೆಗೆ ತಾಗಿದ ತೋಟಕ್ಕಷ್ಟೇ.

ಜಾಲಗಳೂ ಸಾಯುತ್ತವೆ ಎಂಬುದನ್ನು ಮರೆಯಬೇಡಿ. ದಿನಕ್ಕೆ 140 ಸಂದೇಶ, ಒಂದೊಂದರಲ್ಲಿ 12 ಬೈಟ್ ಎಂಬ ಸರಳ ಸೂತ್ರದಿಂದ ಹೆಸರಾಗಿದ್ದ ಫ್ರಾನ್ಸಿನ ಸಿಗ್‌ಫಾಕ್ಸ್ 2022ರ ಜನವರಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಗಿ, ಏಪ್ರಿಲ್‌ನಲ್ಲಿ ಸಿಂಗಪುರದ ಯುನಾಬಿಜ್ ಕಂಪನಿಯ ಕೈ ಸೇರಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಮೊಬೈಲ್ ಕಂಪನಿ ಎಟಿ ಅಂಡ್ ಟಿ ತನ್ನ 3ಜಿ ಜಾಲವನ್ನು ಮುಚ್ಚಿತು. ಮರ ಅರವತ್ತು ವರ್ಷ ಬಾಳುತ್ತದೆ, ರೇಡಿಯೊ ತಂತ್ರಜ್ಞಾನ ಹದಿನೈದು ಇಪ್ಪತ್ತು ವರ್ಷ. ಸೆನ್ಸರ್ ಮತ್ತು ರೇಡಿಯೊ ಬೇರೆ ಬೇರೆ ಪೆಟ್ಟಿಗೆಯಲ್ಲಿದ್ದರೆ ಒಂದನ್ನು ಮಾತ್ರ ಬದಲಿಸಬಹುದು, ಬೇರು ಅಗೆಯುವ ಕೆಲಸ ತಪ್ಪುತ್ತದೆ.

ಒಂದು ಸಣ್ಣ ವಿಷಯ. ರೇಡಿಯೊ ಪರೀಕ್ಷೆಯನ್ನು ಎಲೆ ಉದುರಿದ ಕಾಲದಲ್ಲಿ ಮಾಡಬೇಡಿ. ಒದ್ದೆ ಎಲೆಗಳ ಛತ್ರಿ ಸಿಗ್ನಲ್ ನುಂಗುತ್ತದೆ. ಬೀಡುಕಬ್ಬಿಣದ ಮುಚ್ಚಳವಂತೂ ಬಾಯಿಗೆ ಬೀಗ ಹಾಕಿದಂತೆ. ಆಂಟೆನಾ ಅದರಡಿಯಲ್ಲಿದ್ದರೆ ಮುಚ್ಚಳವನ್ನು ಪ್ಲಾಸ್ಟಿಕ್‌ನದು ಮಾಡಿಸಿ.

ಉಪಗ್ರಹವೋ, ಸೆನ್ಸರೋ, ಕಾಲ್ನಡಿಗೆಯೋ

ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಉಚಿತ, ಐದು ದಿನಕ್ಕೊಮ್ಮೆ ಹೊಸದು. ಒಂದು ಚುಕ್ಕಿ 10 ಮೀಟರ್ ಅಗಲ. ಬೀದಿಯ ಮರವೊಂದು ಆ ಚುಕ್ಕಿಯೊಳಗೆ ಡಾಂಬರು, ಕಾರು, ಹುಲ್ಲಿನ ಜೊತೆ ಕಲಸಿಹೋಗುತ್ತದೆ. ಅದರಿಂದ ತೆಗೆದ ಹಸಿರು ಸೂಚ್ಯಂಕಕ್ಕೆ ದಟ್ಟ ಹುಲ್ಲೂ ಮರವೂ ಹೆಚ್ಚುಕಡಿಮೆ ಒಂದೇ. ನೆರಳಿನಲ್ಲಿ ನಡೆಯುವವರಿಗೆ ಒಂದಲ್ಲ. ಮಳೆಗಾಲದ ಮೋಡವೂ ಅಡ್ಡ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಶಾಖದ ಚಿತ್ರ ಇನ್ನೂ ಒರಟು, 100 ಮೀಟರ್. ಬಿಸಿಯಾದ ಬಡಾವಣೆಯನ್ನು ತೋರಿಸಬಲ್ಲದು, ಬಿಸಿಯಾದ ಬಸ್ ನಿಲ್ದಾಣವನ್ನಲ್ಲ.

2021ರಲ್ಲಿ ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ ಮುಂದಿಟ್ಟ 3-30-300 ನಿಯಮ ಈ ಹೋಲಿಕೆಗೆ ಒಳ್ಳೆಯ ಒರೆಗಲ್ಲು. ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ 30ರಷ್ಟು ಭಾಗದ ಮೇಲೆ ಮರಗಳ ಛತ್ರಿ ಇರಬೇಕು, 300 ಮೀಟರ್ ಒಳಗೆ ಉದ್ಯಾನ ಇರಬೇಕು. 30ನ್ನು ಆಕಾಶದಿಂದ ಅಳೆಯಬಹುದು. 300ಕ್ಕೆ ರಸ್ತೆಯ ನಕ್ಷೆ ಬೇಕು, ಅದೂ ಗೋಡೆ ದಾಟದೆ ನಡೆಯುವ ದಾರಿಯದು. 3ನ್ನು ಅಳೆಯಲು ಯಾರಾದರೂ ಕಿಟಕಿಯ ಬಳಿ ನಿಲ್ಲಬೇಕು.

ನಡೆದು ಎಣಿಸುವುದನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕುವಂತಿಲ್ಲ. ನ್ಯೂಯಾರ್ಕ್ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ ಆರೂವರೆ ಲಕ್ಷಕ್ಕೂ ಮಿಕ್ಕಿ ಬೀದಿಮರಗಳನ್ನು ಎಣಿಸಿ, ಮರುವರ್ಷ ನಕ್ಷೆಯನ್ನು ಎಲ್ಲರ ಮುಂದಿಟ್ಟಿತು. ಮೆಲ್ಬರ್ನ್ ತನ್ನ ಸುಮಾರು 70,000 ಮರಗಳಿಗೆ ಒಂದೊಂದು ಸಂಖ್ಯೆಯನ್ನೂ ಇಮೇಲ್ ವಿಳಾಸವನ್ನೂ ಕೊಟ್ಟಿತು. ಮುರಿದ ಟೊಂಗೆಯ ದೂರು ಬರಲಿ ಎಂಬ ಉದ್ದೇಶ. ಬಂದದ್ದು ಮರಗಳಿಗೆ ಪ್ರೇಮಪತ್ರಗಳು. ನಗೆ ಬಿಟ್ಟು ನೋಡಿದರೂ, ಸಂಖ್ಯೆಯಿರುವ ಮರಕ್ಕೆ ಮಾತ್ರ ದೂರು, ನೀರು, ಸವರುವಿಕೆ, ಸೆನ್ಸರ್ ಎಲ್ಲವನ್ನೂ ಜೋಡಿಸಲು ಸಾಧ್ಯ. ಜಾತಿ ಮತ್ತು ಕಾಂಡದ ಸುತ್ತಳತೆ ಇದ್ದರೆ ಅಮೆರಿಕದ ಅರಣ್ಯ ಸೇವೆ 2006ರಿಂದ ಉಚಿತವಾಗಿ ಕೊಡುತ್ತಿರುವ ಐ-ಟ್ರೀ ತಂತ್ರಾಂಶದಲ್ಲಿ ಇಂಗಾಲ, ಮಳೆನೀರು, ನೆರಳಿನ ಅಂದಾಜೂ ಸಿಗುತ್ತದೆ. ಹಣ ಒಂದಕ್ಕೇ ಇದ್ದರೆ ಗಣತಿಯನ್ನು ಆರಿಸಿ, ಸೆನ್ಸರ್ ಮುಂದಿನ ವರ್ಷಕ್ಕಿರಲಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮರದಡಿ ಅಗ್ಗದ ಗಾಳಿ-ಧೂಳಿನ ಸೆನ್ಸರ್ ಕಟ್ಟಿ ‘ಮರ ಗಾಳಿ ಶುದ್ಧ ಮಾಡಿತು’ ಎಂದು ತೋರಿಸುವ ಆಸೆ ಬೇಡ. ಆರ್ದ್ರತೆ ಏರಿದರೆ ಅದು ಧೂಳನ್ನು ಹೆಚ್ಚಾಗಿ ಓದುತ್ತದೆ. ಇಕ್ಕಟ್ಟಾದ ಬೀದಿಯಲ್ಲಿ ದಟ್ಟ ಛತ್ರಿ ಹೊಗೆಯನ್ನು ಕೆಳಗೇ ಹಿಡಿದಿಡುವುದೂ ಉಂಟು. ಹಕ್ಕಿಗಳ ದನಿ ಗುರುತಿಸುವ ರೆಕಾರ್ಡರ್‌ಗಳು ಚೆನ್ನಾಗಿವೆ, ಆದರೆ ಅವು ಬೆಂಚಿನ ಮೇಲೆ ಕುಳಿತವರ ಮಾತನ್ನೂ ಕೇಳಿಸಿಕೊಳ್ಳುತ್ತವೆ. ಧ್ವನಿಯನ್ನು ಅಲ್ಲೇ ವಿಶ್ಲೇಷಿಸಿ ಹಕ್ಕಿಯ ಹೆಸರನ್ನಷ್ಟೇ ಕಳಿಸುವಂಥದನ್ನು ಆರಿಸಿ. ಜನರನ್ನು ಎಣಿಸಲು ಕ್ಯಾಮೆರಾ ಏಕೆ, ಇನ್‌ಫ್ರಾರೆಡ್ ಕಿರಣ ಸಾಕು.

ಮಾಹಿತಿ ಯಾರ ಮನೆಯಲ್ಲಿ

ಒಂದೇ ಕಂಪನಿಯ ಪೂರ್ಣ ವ್ಯವಸ್ಥೆ ಕೊಂಡರೆ ಮೊದಲ ತಿಂಗಳೇ ನಕ್ಷೆ ಹೊಳೆಯುತ್ತದೆ. ಮುಕ್ತ ಮಾನಕಗಳ ಮೇಲೆ ಕಟ್ಟಿಕೊಂಡರೆ ಆರು ತಿಂಗಳು ತಲೆನೋವು, ನಂತರ ಸ್ವಾತಂತ್ರ್ಯ. ಸಿಬ್ಬಂದಿಯಲ್ಲಿ ತಂತ್ರಾಂಶ ಬಲ್ಲವರು ಒಬ್ಬರೂ ಇಲ್ಲದಿದ್ದರೆ ಎರಡನೆಯದು ಸಾಹಸವೇ ಸರಿ. ಹಾಗಿದ್ದಾಗ ಮೊದಲನೆಯದನ್ನೇ ಕೊಂಡು ಒಪ್ಪಂದದಲ್ಲಿ ಎರಡು ಸಾಲು ಸೇರಿಸಿ: ಕಚ್ಚಾ ಅಂಕಿಗಳೆಲ್ಲ ಎಂಕ್ಯುಟಿಟಿ ಅಥವಾ ಸೆನ್ಸರ್‌ಥಿಂಗ್ಸ್‌ನಂಥ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಮಾನಕದಲ್ಲಿ ನಮಗೂ ಬರಬೇಕು, ಒಪ್ಪಂದ ಮುಗಿದರೆ ಇಡೀ ಇತಿಹಾಸವನ್ನು ಸಾಮಾನ್ಯ ಕಡತದಲ್ಲಿ ಕೊಡಬೇಕು. ಸಹಿ ಹಾಕುವ ಮೊದಲೇ ಒಂದು ವಾರದ ಮಾದರಿ ಕಡತ ಕೇಳಿ, ತೆರೆದು ನೋಡಿ.

ಪ್ರಯೋಗಕ್ಕೆ ಹತ್ತು ಸೆನ್ಸರ್ ಸಾಕು. ಆದರೆ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಎರಡೂ ದಾಟಲಿ. ಆ ಅವಧಿಯಲ್ಲಿ ಮೂರು ಲೆಕ್ಕ ಬರೆದಿಡಿ: ಬರಬೇಕಿದ್ದ ಸಂದೇಶಗಳಲ್ಲಿ ಎಷ್ಟು ಬಂದವು, ಸರಿಪಡಿಸಲು ಎಷ್ಟು ಸಲ ಯಾರು ಹೋದರು, ಅಂಕಿ ನೋಡಿ ಮಾಲಿ ಎಷ್ಟು ಸಲ ನೀರಿನ ಟ್ಯಾಂಕರನ್ನು ಬೇರೆ ಬೀದಿಗೆ ತಿರುಗಿಸಿದರು. ಮೂರನೆಯ ಅಂಕಣ ಖಾಲಿ ಉಳಿದರೆ ನೂರು ಸೆನ್ಸರ್‌ಗಳ ಟೆಂಡರ್ ಕರೆಯುವ ಅಗತ್ಯವಿಲ್ಲ.